ಹಾಸಿಗೆ ತಿನ್ನಲು ಬಂದು ಚಿಚಾ ಕುಡಿದು ಕುಳಿತವರಿಗೆ

ಸಾಚಾಯಾಕು ಗ್ರಾಮದ ವಾಲಿಬಾಲ್ ಅಂಗಳದಲ್ಲಿ ಹಳೆಯ ಹಾಸಿಗೆಗಳ ರಾಶಿಯ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ಬೂಷ್ಟು ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ನಾಪೋ ನದಿಯ ಎಡದಂಡೆಯ ಸಮಸ್ತರ ಪರವಾಗಿ, ಅಂಗಳ ಸಮಿತಿಯ ಅಧ್ಯಕ್ಷ ರೆಮಿಹಿಯೋ ತಾಪುಯ್ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಾವು ಕ್ಷೇಮವಾಗಿರುವುದು ತಮ್ಮ ಮೈ ನೋಡಿದರೇ ತಿಳಿಯುತ್ತದೆ.

ಮೇಲಿನ ತಿರುವಿನ ಪ್ರವಾಸಿ ವಸತಿಗೃಹ ಮುಚ್ಚಿದಾಗ, ಹಾಸಿಗೆಗಳನ್ನು ಬೇಕಾದವರು ಒಯ್ಯಬಹುದು ಎಂದರು. ಬಿಟ್ಟಿ ಎಂದ ಕೂಡಲೇ ನಾವೂ, ಎದುರು ದಂಡೆಯ ಪುಂಟಾ ವೇರ್ದೆಯವರೂ ಪೈಪೋಟಿಯಲ್ಲಿ ದೋಣಿ ತುಂಬಿ ತಂದೆವು. ಆ ಪ್ಲಾಸ್ಟಿಕ್ ಸ್ಪಂಜು ಮಳೆ ಕುಡಿದು ನಾರಿ, ಮಲಗಿದವರ ಮೈ ತುರಿಸಿದ್ದರಿಂದ ಎರಡೂ ಊರಿನ ಹಾಸಿಗೆಗಳು ಆಯಾ ಊರಿನ ಅಂಗಳಕ್ಕೆ ಬಂದು ಬಿದ್ದವು. ಸುಟ್ಟರೆ ವಿಷದ ಹೊಗೆ, ಹೊಳೆಗೆ ಹಾಕಿದರೆ ಮೀನಿಗೆ ಕುತ್ತು, ಲಾರಿ ಬರಲು ರಸ್ತೆಯಿಲ್ಲ, ಒಟ್ಟಿಕೊಳ್ಳಲು ಯಾವ ತೋಟದವರೂ ಒಪ್ಪುವುದಿಲ್ಲ. ಇಷ್ಟರಲ್ಲಿ ಪಾದ್ರಿಗಳು, ಯಾವ ದಂಡೆಯ ಅಂಗಳ ಮೊದಲು ತೆರವಾಗುತ್ತದೋ ಸಂತ ಹುವಾನರ ಹಬ್ಬದ ಪಂದ್ಯ ಅಲ್ಲೇ ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಹೋಗುವುದೆಂದರೆ ಅವರ ಇಳಿಜಾರು ಅಂಗಳದಲ್ಲಿ ಸೋತು, ನೀರುನೀರಾದ ಅವರ ಗೆಣಸಿನ ಹೆಂಡ, ಆ ಚಿಚಾ ಕುಡಿದು, ಬಹಳ ಚೆನ್ನಾಗಿದೆ ಎಂದು ನಗಬೇಕು. ಸೋಲನ್ನಾದರೂ ನುಂಗಬಹುದು, ಆ ಚಿಚಾ ನನ್ನಿಂದಾಗದು.

ಆದ್ದರಿಂದಲೇ ರಾಜಧಾನಿ ಕೀಟೋದಿಂದ ಸಂಶೋಧಕಿ ಶಿಮೇನಾ ಯೇಪೆಸ್, ಪ್ಲಾಸ್ಟಿಕ್ ತಿನ್ನುವ ತಮ್ಮನ್ನು ಗಾಜಿನ ಭರಣಿಯಲ್ಲಿ ತಂದಾಗ ನಾವು ಡೋಲು ಬಡಿದು ಬರಮಾಡಿಕೊಂಡೆವು. "ಇದು ಅಗಿಯಲ್ಲ. ತನ್ನ ಕಿಣ್ವಾನ ಮೊದ್ಲು ಪ್ಲಾಸ್ಟಿಕ್ ಮೇಲೆ ಉಗುಳತ್ತೆ, ಕರಗಿದ್ಮೇಲೆ ಹೀರ್ಕೊಳ್ಳತ್ತೆ" ಎಂದು ಆಕೆ ವಿವರಿಸಿದರು. ಮರಗೆಣಸನ್ನು ಬೇಯಿಸಿ, ಅಗಿದು, ಮಡಕೆಗೆ ಉಗುಳಿ ಹುಳಿಬರಿಸಿ ಚಿಚಾ ಮಾಡುವ ನಮ್ಮತ್ತೆ ಬಾರ್ತೋಲಾ ಗ್ರೇಫಾ ಕಣ್ಣರಳಿಸಿ, "ಹಂಗಾದ್ರೆ ಇದು ನಮ್ಮ ಪೈಕಿನೇ ಬಿಡವ್ವ" ಎಂದರು.

ಕೆಟ್ಟಿದ್ದು ಅಲ್ಲೇ. ಮಿಂಗಾಕ್ಕೆ, ಅಂದರೆ ಊರೊಟ್ಟಿನ ಕೆಲಸಕ್ಕೆ, ಬಂದವರ ಕೈಗೆ ಮೊದಲು ಚಿಚಾ ಬಟ್ಟಲು ಕೊಡದಿದ್ದರೆ ಮನೆಯ ಮಾನ ಹೋಗುತ್ತದೆ. ಅತ್ತೆಯವರು ದಿನಾ ಬೆಳಗ್ಗೆ ತಮಗೂ ಒಂದೊಂದು ಬಟ್ಟಲು ಸುರಿಯುತ್ತ ಬಂದರು. ಗೆಣಸಿನ ರುಚಿ ಹತ್ತಿದ ತಾವು ಪ್ಲಾಸ್ಟಿಕ್ಕಿನ ಕಡೆ ತಿರುಗಿಯೂ ನೋಡದೆ, ಬಿಳಿಯ ಕಂಬಳಿ ಹೊದ್ದಂತೆ ದಷ್ಟಪುಷ್ಟರಾದಿರಿ. ಮತ್ತೆ ಬಂದು ನೋಡಿದ ಶಿಮೇನಾ ತಲೆಯ ಮೇಲೆ ಕೈ ಹೊತ್ತು, "ಇದಕ್ಕೆ ಊಟ ಹಾಕಿದ್ಯಾರು? ಹಸಿದ್ರೆ ತಾನೇ ಸ್ಪಂಜು ತಿನ್ನೋದು" ಎಂದರು. ಅತ್ತೆ ಜಗ್ಗಲಿಲ್ಲ. "ಕೆಲ್ಸಕ್ಕೆ ಕರ್ದು ಒಣಬಾಯಲ್ಲಿ ಕೂರ್ಸಕ್ಕೆ ನಾವೇನು ಪುಂಟಾ ವೇರ್ದೆಯೋರಾ? ಚಿಚಾ ಕುಡ್ದು ಹಾಸಿಗೆ ಮೇಲೆ ಬಿದ್ಕೊಳ್ಳೋ ಅಳಿಯನ್ನೇ ಸಾಕ್ತಿದೀನಿ, ಇದೊಂದು ಹೆಚ್ಚಾ?" ಊರೆಲ್ಲ ನಕ್ಕಿತು. ನನಗೆ ಮಾತ್ರ ತಮ್ಮ ಮೇಲೆ ಸಿಟ್ಟು ಬಂತು.

ಆದರೂ ತಮ್ಮ ಸಹನೆ ದೊಡ್ಡದು. ಇಷ್ಟು ಹಾಸಿಗೆಗಳ ಮೇಲಿದ್ದೂ ಒಂದನ್ನೂ ನೋಯಿಸದ ಅಹಿಂಸೆಯನ್ನು ನಾನು ಇನ್ನಾರಲ್ಲೂ ಕಂಡಿಲ್ಲ. ಅತ್ತೆಯವರನ್ನು ಕಾಡಿ ಬೇಡಿ ತಮ್ಮ ಚಿಚಾ ನಿಲ್ಲಿಸಿದ್ದೇವೆ. ಮೂಲೆಯ ಹಾಸಿಗೆಯೊಂದು ಆಗಲೇ ಕರಗಿ ಕುಸಿದಿದೆ ಎಂದು ಕೇಳಿ ಓಡಿ ಬಂದು ನೋಡಿದೆ. ನಿಜವಾಗಿತ್ತು, ಸಂತೋಷದಿಂದ ಕಣ್ಣು ಒದ್ದೆಯಾಯಿತು. ಇದೇ ಹಸಿವಿನಲ್ಲಿ ಉಳಿದದ್ದನ್ನೂ ಹಬ್ಬದೊಳಗೆ ಮುಗಿಸಿ, ಸಾಧ್ಯವಾದರೆ ವಾಲಿಬಾಲ್ ಬಲೆಯನ್ನು ಮಾತ್ರ ತಿನ್ನದೆ ಬಿಟ್ಟು, ಪಂದ್ಯದ ದಿನ ನಮ್ಮ ಕಡೆ ಕುಳಿತು ಕೂಗಬೇಕಾಗಿ ವಿನಂತಿ.

ತಮ್ಮ ಹಸಿವನ್ನೇ ನಂಬಿಕೊಂಡಿರುವ
ತಮ್ಮ ವಿಶ್ವಾಸಿ,
ರೆಮಿಹಿಯೋ ತಾಪುಯ್

ತಾ.ಕ.: ತಮ್ಮ ಕೀರ್ತಿ ಕೇಳಿದ ಪುಂಟಾ ವೇರ್ದೆಯವರು ತಮ್ಮ ಮೈಯಿಂದೊಂದು ತುಣುಕು ಬೇಕೆಂದು ಬಹಳ ವಿನಯದಿಂದ ಕೇಳಿದ್ದಾರೆ. ಇಲ್ಲವೆನ್ನಲಾದೀತೇ? ನಾಳೆಯೇ ಕಳುಹಿಸುತ್ತಿದ್ದೇವೆ. ನಮ್ಮ ಕಡೆಯವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಅತ್ತೆಯವರು ಮನೆಯ ಅತಿ ದೊಡ್ಡ ಮಡಕೆಯ ತುಂಬ ಗಟ್ಟಿ ಚಿಚಾ ಸಿದ್ಧಮಾಡಿದ್ದಾರೆ. ಆ ತುಣುಕಿಗೆ ದಿನಾ ಬೆಳಗ್ಗೆ ತಪ್ಪದೆ ಕುಡಿಸಿ ಎಂದು ನಾನೇ ಖುದ್ದಾಗಿ ಹೇಳಿ ಬರುತ್ತೇನೆ.