ಹೂಂರಾಯರ ಗುಳ್ಳೆ ಟೋಪಿ

ಆ ದಿನದ ರಗಳೆಗೆಲ್ಲ ಮೂಲ ಒಂದು ಸಣ್ಣ ತಲೆಯಾಟ. ಬೆಳಿಗ್ಗೆ ಕಾರ್ಖಾನೆಯ ಮೆಟ್ಟಿಲ ಮೇಲೆ ಯಜಮಾನರು ಎದುರಾಗಿ, “ಏನ್ ರಾಯರೇ, ಟೋಪಿ ರೆಡಿ ಇದೆ ತಾನೆ? ಆಟಿಕೆ ಅಂಗಡಿ ಮೇಡಂ ನಾಳೆ ಬರಲ್ವಂತೆ, ಇವತ್ತು ಮಧ್ಯಾಹ್ನವೇ ಬರ್ತಾರಂತೆ” ಎಂದರು. ಟೋಪಿ ರೆಡಿ ಇರಲಿಲ್ಲ. ಅದು ಕೈಚೀಲದೊಳಗೆ, ಊಟದ ಡಬ್ಬಿಯ ಪಕ್ಕದಲ್ಲಿ, ಬಿಡಿಬಿಡಿ ತುಂಡುಗಳಾಗಿ ಮಲಗಿತ್ತು. ಆದರೆ ಯಜಮಾನರ ಮಾತು ಮುಗಿಯುವಷ್ಟರಲ್ಲಿ ರಾಯರ ತಲೆ ಮೇಲೊಮ್ಮೆ ಕೆಳಗೊಮ್ಮೆ ಆಡಿ, ತನ್ನ ಕೆಲಸ ಮುಗಿಸಿ ಸುಮ್ಮನಾಗಿತ್ತು.

ದೇವರು ಮನುಷ್ಯನ ಕತ್ತಿಗೆ ಎರಡು ದಾರಿ ಇಟ್ಟಿದ್ದಾನೆ. ಒಂದು ಮೇಲಿಂದ ಕೆಳಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ರಾಯರನ್ನು ಮಾಡುವಾಗ ಮಧ್ಯೆ ಯಾರು ಕರೆದರೋ ಏನೋ, ಎರಡನೆಯದನ್ನು ಕೂಡಿಸುವುದು ಮರೆತು ಎದ್ದುಹೋಗಿದ್ದ. ಹೆಂಡತಿ ಹೇಳಿದರೆ ಹೂಂ, ಪಕ್ಕದ ಮನೆಯವರು ಹೇಳಿದರೆ ಹೂಂ. ಬಸ್ಸಿನಲ್ಲಿ ಪಕ್ಕದವನು ಫೋನಿನಲ್ಲಿ ಇನ್ಯಾರಿಗೋ ತನ್ನ ಗೋಳು ಹೇಳಿಕೊಳ್ಳುತ್ತಿದ್ದರೂ ಇವರು ಹೂಂ. ಕಾರ್ಖಾನೆಯಲ್ಲಿ ಅವರಿಗೆ ಹೂಂರಾಯರು ಎಂದೇ ಹೆಸರು ಬಿದ್ದಿತ್ತು. ಆ ಹೆಸರಿಗೂ ಅವರು ಹೂಂ ಅಂದಿದ್ದರು.

ಹುಟ್ಟುಹಬ್ಬದ ಪೀಪಿ, ಕಾಗದದ ಮುಖವಾಡ, ಬಣ್ಣದ ಟೋಪಿ ಮಾಡುವ ಕಾರ್ಖಾನೆ ಅದು. ರಾಯರದು ಟೋಪಿಯ ಅಂಚಿಗೆ ತೂತು ಹೊಡೆದು, ಗಲ್ಲದ ಕೆಳಗೆ ಹಿಡಿಯುವ ಎಲಾಸ್ಟಿಕ್ ಪೋಣಿಸುವ ಯಂತ್ರ. ನಿಂತು ಮಾಡುವ ಕೆಲಸ. ವಯಸ್ಸೆಲ್ಲ ಅಲ್ಲೇ ನಿಂತು ಕಳೆದು, ಈಗ ಅವರು ಮೆಟ್ಟಿಲು ಹತ್ತಿದರೆ ಮೊಳಕಾಲುಗಳು ಹಳೇ ಬಾಗಿಲಿನ ಹಾಗೆ ಮಾತಾಡುತ್ತಿದ್ದವು. ಮಾಳಿಗೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ, ಹೊಸ ನಮೂನೆ ಬರೆಯುವವರ ಮೇಜೊಂದಿತ್ತು. ಅದಕ್ಕೊಂದು ಮೆತ್ತೆಯ ಕುರ್ಚಿ ಇತ್ತು. ಅದರಲ್ಲಿ ಕೂತಿದ್ದವನು ಕೆಲಸ ಬಿಟ್ಟು ಹೋಗಿ, ಕುರ್ಚಿ ಖಾಲಿ ಬಿದ್ದಿತ್ತು. “ಮೇಡಂ ಒಪ್ಪೋ ಅಂಥ ಹೊಸ ಟೋಪಿ ಯಾರು ಮಾಡ್ತಾರೋ ಅವರಿಗೆ ಆ ಕುರ್ಚಿ. ಈ ಸಲಾನೂ ಮೇಡಂ ಬೇಡ ಅಂದ್ರೆ ಟೋಪಿ ವಿಭಾಗಕ್ಕೆ ಬೀಗ, ಎಲ್ಲರೂ ಅಂಟು ಕಾಯಿಸೋ ಕೋಣೆಗೆ” ಎಂದು ಯಜಮಾನರು ಸಾರಿದ್ದರು. ಅಂಟಿನ ಕೋಣೆಯ ವಾಸನೆಗೆ ಮೂಗಿದ್ದವರು ಯಾರೂ ನಿಲ್ಲುತ್ತಿರಲಿಲ್ಲ. ರಾಯರಿಗೆ ಮಾತ್ರ ಆ ವಾಸನೆಯ ನೆನಪಿಗಿಂತ ಕುರ್ಚಿಯ ಮೆತ್ತೆಯ ನೆನಪೇ ಹೆಚ್ಚು ಕಾಡಿತು. ಕೂತು ಕೆಲಸ ಮಾಡುವುದೆಂದರೆ ಹೇಗಿರುತ್ತದೋ!

ಗುಳ್ಳೆ ಬಿಡುವ ಟೋಪಿ ಮಾಡಬೇಕೆಂದು ಹೊಳೆದಿದ್ದು ಎಲ್ಲರಿಗೂ. ಆದರೆ ಬಾಯಲ್ಲಿ ಊದುವ ಹಾಗಿರಬಾರದು, ಮಕ್ಕಳು ಸೋಪಿನ ನೀರು ಕುಡಿದುಬಿಡುತ್ತವೆ, ಬ್ಯಾಟರಿಯೂ ಕೂಡದು. ಹಾಗಾದರೆ ಗಾಳಿ ಎಲ್ಲಿಂದ ಬರಬೇಕು? ಉತ್ತರ ಸಿಕ್ಕಿದ್ದು ರಾಯರಿಗೆ, ಅದೂ ಊಟದ ಹೊತ್ತಿನಲ್ಲಿ. ಹೆಂಡತಿ ತನ್ನ ಅಣ್ಣನ ಮನೆಯ ವಿಚಾರ ಹೇಳುತ್ತಿದ್ದಳು. ರಾಯರು ಹೂಂಗುಟ್ಟುತ್ತ ಎದುರಿನ ಗೋಡೆ ನೋಡಿದರೆ, ಅಲ್ಲಿ ಅವರದೇ ನೆರಳು ನೀರು ಸೇದುವ ಕೈಪಂಪಿನ ಹಾಗೆ ಏಳುತ್ತ ಬೀಳುತ್ತ ಇತ್ತು. ‘ಅಯ್ಯೋ, ಇಷ್ಟು ವರ್ಷ ಎಷ್ಟು ಶ್ರಮ ಸುಮ್ಮನೆ ಗಾಳಿಗೆ ಹೋಯಿತು!’ ಎಂದುಕೊಂಡರು.

ಹಾಗೆ ಹುಟ್ಟಿತು ಟೋಪಿ. ತುದಿಯಲ್ಲಿ ಕುಚ್ಚಿನ ಬದಲು ಸ್ಪ್ರಿಂಗಿನ ಮೇಲೆ ನಿಂತ ಒಂದು ಬಳೆ. ಅದರ ಬುಡಕ್ಕೆ ಸೋಪಿನ ನೀರಿನ ಪುಟ್ಟ ಬಟ್ಟಲು. ಒಳಗೆ ಪೀಂ ಎನ್ನುವ ಬೊಂಬೆಯ ಹೊಟ್ಟೆಯಲ್ಲಿರುವಂಥ ರಬ್ಬರ್ ಬುರುಡೆ. ತಲೆ ಬಗ್ಗಿಸಿದರೆ ಬಳೆ ಬಟ್ಟಲಲ್ಲಿ ಮುಳುಗುತ್ತದೆ, ತಲೆ ಎತ್ತಿದರೆ ಬುರುಡೆ ಅದುಮಿಕೊಂಡು ಗಾಳಿ ಬಿಡುತ್ತದೆ. ಹೂಂ ಅಂದರೆ ಗುಳ್ಳೆ.

ಈಗ ಅದನ್ನು ಮಧ್ಯಾಹ್ನದೊಳಗೆ ಕೂಡಿಸಬೇಕು. ರಾಯರು ತುಂಡುಗಳನ್ನು ಹರಡಿಕೊಂಡದ್ದೇ ತಡ, ಅಂಟಿನಕ್ಕ ಬಂದಳು. ಕಾಗದ ಅಂಟಿಸುವ ಸಾಲಿಗೆಲ್ಲ ಹಿರಿಯಳಾದ್ದರಿಂದ ಅವಳು ಎಲ್ಲರಿಗೂ ಅಕ್ಕ.

“ರಾಯರೇ, ಇದೇನು ನೀರು ಇಷ್ಟು ತೆಳ್ಳಗಿದೆ? ಗುಳ್ಳೆ ಹುಟ್ಟೋ ಮೊದಲೇ ಸತ್ತುಹೋಗುತ್ತೆ. ಒಂಚೂರು ಗೋಂದು ಬಿಡ್ಲಾ?”

ಬೇಡ ಅನ್ನಬೇಕೆಂದು ರಾಯರ ಮನಸ್ಸು ಹೇಳಿತು. ತಲೆ ಆಡಿತು. ಅಕ್ಕ ಚಮಚದ ಮೇಲೆ ಚಮಚ ಸುರಿದಳು. ಅಷ್ಟರಲ್ಲಿ ಸ್ಟೋರ್ ಮಾವನೂ ಬಂದ. ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು, ಯಾರ ಕೆಲಸದಲ್ಲೂ ಒಂದು ಕೈ ಹಾಕದೆ ಹೋಗದವನು.

“ಈ ಸ್ಪ್ರಿಂಗ್ ನೋಡ್ರೀ, ಎತ್ತಿನ ಗಾಡಿಗೆ ಹಾಕೋ ಹಾಗಿದೆ. ಮಕ್ಕಳ ಕತ್ತು ಮುರಿದೀತು. ನನ್ನ ಹತ್ರ ಕೂದಲಿನಷ್ಟು ಸಣ್ಣದಿದೆ. ಬದಲಾಯಿಸ್ಲಾ?”

“ಅದು… ಹೂಂ.”

ಬದಲಾಯಿಸಿದ್ದಾಯಿತು. ಟೋಪಿ ತಲೆಗೇರಿತು. “ಹೇಗಿದೆ ರಾಯರೇ, ಸರಿಯಾಯ್ತಾ?” ಎಂದು ಮಾವ ಕೇಳಿದ. ರಾಯರು ಹೂಂ ಅಂದರು. ಬಳೆಯಿಂದ ಸೋರೆಕಾಯಿಯಷ್ಟು ಗಾತ್ರದ ಗುಳ್ಳೆಯೊಂದು ಎದ್ದು, ಗಾಳಿಯಲ್ಲಿ ಯೋಚನೆ ಮಾಡುತ್ತ ಹೋಗಿ, ಮಾವನ ಮೀಸೆಗೆ ಅಂಟಿ ಕೂತಿತು. ಒಡೆಯಲಿಲ್ಲ. ಅಕ್ಕನ ಗೋಂದು ಅದಕ್ಕೆ ಆಯಸ್ಸು ಕೊಟ್ಟಿತ್ತು.

“ಏನಕ್ಕಾ, ಗುಳ್ಳೆ ಮಾಡು ಅಂದ್ರೆ ಬಲೂನ್ ಮಾಡಿದೀಯಲ್ಲ!” ಎಂದು ಮಾವ ಮೀಸೆ ಝಾಡಿಸಿದ.

“ನಿನ್ನ ಮೀಸೆಗೆ ಇದುವರೆಗೆ ಬೇರೆ ಯಾರು ಮುತ್ತು ಕೊಟ್ಟಿದ್ರು? ಸುಮ್ನಿರು” ಎಂದಳು ಅಕ್ಕ.

ಎರಡು ದಿನ ಟೈಮು ಕೇಳಿಬಿಡೋಣ ಎಂದು ರಾಯರು, ಟೋಪಿ ತೆಗೆಯುವುದನ್ನೂ ಮರೆತು, ಯಜಮಾನರ ಕೋಣೆಗೆ ಹೋದರು. ಯಜಮಾನರು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. “ಬುದ್ಧಿ ಇದೆಯೇನ್ರೀ ನಿಮಗೆ? ಮಾಲು ಕಳ್ಸೋದು ಹೀಗೇನಾ? ನೀವು ಮನುಷ್ಯರಾ?” ಬೈಗುಳ ತಮ್ಮದಲ್ಲದಿದ್ದರೂ ರಾಯರು ಪ್ರತಿಯೊಂದಕ್ಕೂ ತಲೆದೂಗಿದರು. ಹೊಸ ಸ್ಪ್ರಿಂಗಿಗೆ ಅಷ್ಟೇ ಬೇಕಿತ್ತು. ಯಜಮಾನರು ಫೋನು ಇಟ್ಟು ತಿರುಗುವಷ್ಟರಲ್ಲಿ ಕೋಣೆ ತುಂಬ ಗುಳ್ಳೆ. ಫೋನಿನ ಮೇಲೆ ಒಂದು, ಕನ್ನಡಕಕ್ಕೆ ಎರಡು, ಮಿಕ್ಕವು ಫ್ಯಾನಿನ ಸುತ್ತ ಪ್ರದಕ್ಷಿಣೆ.

“ಭೇಷ್!” ಎಂದರು ಯಜಮಾನರು, ಕನ್ನಡಕ ಒರೆಸುತ್ತ. “ಇದನ್ನ ಮೇಡಂ ಮುಂದೆ ನಾನೇ ಹಾಕ್ಕೊಂಡು ತೋರಿಸ್ತೀನಿ.”

ಯಜಮಾನರ ಕತ್ತು ಎಂಥದೆಂದು ರಾಯರಿಗಿಂತ ಚೆನ್ನಾಗಿ ಬಲ್ಲವರು ಯಾರು? ರಜೆ ಕೇಳಲಿ, ಸ್ಟೂಲು ಕೇಳಲಿ, ಕುಡಿಯುವ ನೀರಿಗೆ ಹೂಜಿ ಕೇಳಲಿ, ಆ ಕತ್ತು ಎಡದಿಂದ ಬಲಕ್ಕಲ್ಲದೆ ಬೇರೆ ದಿಕ್ಕು ಕಂಡದ್ದಿಲ್ಲ. ನೀವು ಮಾತ್ರ ಹಾಕ್ಕೋಬೇಡಿ ಯಜಮಾನ್ರೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ತಲೆ ಆಡಿತು. ಇನ್ನೊಂದು ಗುಳ್ಳೆ ಹೊರಟಿತು.

ಮೇಡಂ ಬಂದರು. ಊರಿನ ಅತಿ ದೊಡ್ಡ ಆಟಿಕೆ ಅಂಗಡಿಯ ಒಡತಿ. ಗಲ್ಲ ಎತ್ತಿಕೊಂಡೇ ಮೆಟ್ಟಿಲೇರಿ, ಮಾಳಿಗೆಯ ಕೋಣೆಯಲ್ಲಿ ಬೇರೆ ಕುರ್ಚಿ ಇಲ್ಲದ್ದರಿಂದ ಕಿಟಕಿ ಪಕ್ಕದ ಆ ಮೆತ್ತೆಯ ಕುರ್ಚಿಯಲ್ಲೇ ಕೂತರು. ಟೋಪಿ ವಿಭಾಗದವರೆಲ್ಲ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಯಜಮಾನರು ಟೋಪಿ ಏರಿಸಿ, ಎಲಾಸ್ಟಿಕ್ಕನ್ನು ಗಲ್ಲದ ಕೆಳಗೆ ಫಟ್ಟೆಂದು ಬಿಟ್ಟರು.

“ಬಾಯಿ ಬೇಡ, ಬ್ಯಾಟರಿ ಬೇಡ ಮೇಡಂ. ಹೂಂ ಅಂತ ತಲೆ ಆಡಿಸಿದ್ರೆ ಆಯ್ತು.”

“ಆಡಿಸಿ ಮತ್ತೆ.”

ಯಜಮಾನರು ಪ್ರಯತ್ನಿಸಿದರು. ತುಕ್ಕು ಹಿಡಿದ ನಲ್ಲಿಯ ಹಾಗೆ ಕತ್ತು ಬಿಗಿದುಕೊಂಡಿತು. “ನೀವೇನಾದ್ರೂ ಕೇಳಿ ಮೇಡಂ. ಆಗ ಸರಾಗ ಬರುತ್ತೆ.”

“ಸರಿ. ಹೋದ ಸಲದ ಹಾಗೆ ತಡ ಮಾಡ್ದೆ, ಹೇಳಿದ ದಿನಕ್ಕೆ ಮಾಲು ಕೊಡ್ತೀರಾ?”

“ಖಂಡಿತ!” ಎಂದಿತು ಬಾಯಿ. ಕತ್ತು ಎಡಕ್ಕೆ ಹೋಗಿ ಬಲಕ್ಕೆ ಬಂತು. ಸೋಪಿನ ನೀರು ಎಡಗಿವಿಗಿಳಿಯಿತು.

“ಒಡೆದಿದ್ದನ್ನ ವಾಪಸ್ ತಗೋತೀರಾ?”

“ಅಯ್ಯೋ, ತಗೊಳ್ದೆ ಇರ್ತೀವಾ!” ಮತ್ತೆ ಎಡಕ್ಕೆ, ಬಲಕ್ಕೆ. ಈ ಸಲ ಬಲಗಿವಿಯೂ ತುಂಬಿತು. ಗುಳ್ಳೆ ಎಂಬುದರ ಸುಳಿವೇ ಇಲ್ಲ.

“ನಿಮ್ಮ ಬಾಯಿಗಿಂತ ಕತ್ತೇ ವಾಸಿ, ನಿಜ ಹೇಳುತ್ತೆ” ಎಂದು ಮೇಡಂ ಕೈಚೀಲ ಎತ್ತಿಕೊಂಡರು.

ಬಾಗಿಲಲ್ಲಿದ್ದವರ ಮೂಗಿಗೆ ಆಗಲೇ ಅಂಟಿನ ಕೋಣೆಯ ವಾಸನೆ ಬಡಿಯಿತು. ಅಕ್ಕ ತಡೆಯಲಾರದೆ ಒಳನುಗ್ಗಿದಳು. “ಒಂದ್ನಿಮಿಷ ಮೇಡಂ! ಟೋಪಿದೇನೂ ತಪ್ಪಿಲ್ಲ. ತಲೆ ಬದಲಾಯಿಸಿದ್ರೆ ಸಾಕು.” ಹೀಗೆಂದವಳೇ ಯಜಮಾನರ ತಲೆಯಿಂದ ಟೋಪಿ ಕಿತ್ತು, ಬಟ್ಟಲು ತುಂಬಿಸಿ, ರಾಯರ ತಲೆಗೆ ಒತ್ತಿ, ಅವರನ್ನು ಮುಂದಕ್ಕೆ ನೂಕಿದಳು.

“ಇದನ್ನ ಮಾಡಿದ್ದು ನೀವಾ?” ಮೇಡಂ ಕೇಳಿದರು.

ರಾಯರು ತಲೆಯಾಡಿಸಿದರು. ಒಂದರ ಬೆನ್ನಿಗೊಂದು, ಒಂದರ ಹೊಟ್ಟೆಯೊಳಗೊಂದು, ಬಿಸಿಲಿಗೆ ಬಣ್ಣ ಬಣ್ಣವಾಗಿ ಗುಳ್ಳೆಗಳು ತೇಲಿದವು. ಮೇಡಂ ಗಲ್ಲ ಇಳಿಯಿತು.

“ಒಬ್ರೇನಾ?”

ಗುಳ್ಳೆ.

“ಮಕ್ಕಳ ಕತ್ತು ನೋಯಲ್ವಾ?”

ಗುಳ್ಳೆ. ಯಜಮಾನರು ಹಣೆ ಚಚ್ಚಿಕೊಂಡರು. ಮೇಡಂ ಮಾತ್ರ ಕಿಲಕಿಲ ನಕ್ಕು, ಕೈಚೀಲ ಕೆಳಗಿಟ್ಟರು.

“ನಮ್ಮನೇಲಿ ಹೀಗೆ ಹೂಂ ಅನ್ನೋರು ಒಬ್ರೂ ಇಲ್ಲ ರೀ. ನಮ್ಮನೆಯವ್ರು ಪೇಪರ್ ಹಿಂದಿನಿಂದ ಮುಖಾನೇ ತೆಗೆಯಲ್ಲ. ಮಗಳು ‘ಆಮೇಲೆ ಹೇಳಮ್ಮಾ’ ಅಂತಾಳೆ. ಆ ಆಮೇಲೆ ಅನ್ನೋದು ಇನ್ನೂ ಬಂದಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋದ್ರೆ ಗೋಡೆ ಜೊತೆ ಮಾತಾಡ್ಬೇಕು.”

ರಾಯರು ಬೂಟಾಟಿಕೆಗೆ ತಲೆಯಾಡಿಸುವವರಲ್ಲ. ಕೇಳಿದ ಮಾತು ಎದೆಗಿಳಿದರೆ ಅವರ ತಲೆ ತಾನಾಗಿ ತೂಗುತ್ತಿತ್ತು, ಒಳ್ಳೆಯ ಪದ್ಯ ಕೇಳಿದವರ ತಲೆ ತೂಗುವ ಹಾಗೆ. ಮೇಡಂ ಹೇಳುತ್ತ ಹೋದರು, ರಾಯರು ತೂಗುತ್ತ ಹೋದರು, ಕೋಣೆ ಗುಳ್ಳೆಯಲ್ಲಿ ಮುಳುಗುತ್ತ ಹೋಯಿತು. ಕಡೆಗೆ ಮೇಡಂ ಕಣ್ಣೊರೆಸಿಕೊಂಡು, “ಸೋಪು ಬಿತ್ತು” ಎಂದರು. “ರಜೆ ಶುರುವಾಗೋ ಮೊದಲು ಇದನ್ನ ಎಷ್ಟು ಮಾಡೋಕಾಗುತ್ತೋ ಅಷ್ಟೂ ನನಗೇ. ಬರೆದುಕೊಳ್ಳಿ.”

ಬಾಗಿಲಲ್ಲಿ ಕೇಕೆ ಎದ್ದಿತು. ರಾಯರು ಮೇಡಂ ಕೂತಿದ್ದ ಕುರ್ಚಿಯನ್ನೇ ನೋಡಿದರು. ಅವರು ಏಳುವುದಷ್ಟೇ ಬಾಕಿ.

“ಇನ್ನೊಂದು ಮಾತು” ಎಂದರು ಮೇಡಂ. “ಇವರನ್ನ ನನ್ನಂಗಡಿಗೆ ಕಳಿಸಿ. ಟೋಪಿ ಹಾಕ್ಕೊಂಡು ಬಾಗಿಲಲ್ಲಿರ್ಲಿ. ಬರೋರು ಏನಾದ್ರೂ ಕೇಳ್ತಾರೆ, ಇವರು ತಲೆ ಆಡಿಸ್ತಾರೆ. ಅಷ್ಟೇ ಕೆಲಸ.”

“ನಿಂತ್ಕೊಂಡಾ?” ರಾಯರ ದನಿ ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

“ಬಾಗಿಲಲ್ಲಿ ಯಾರಾದ್ರೂ ಕೂತ್ಕೋತಾರಾ?”

“ಹೋಗ್ತೀರಿ ತಾನೆ ರಾಯರೇ?” ಎಂದರು ಯಜಮಾನರು.

ಆಗ ಯಾರೂ ಕಾಣದಿದ್ದುದು ಕಂಡಿತು. ರಾಯರ ತಲೆ ಆಡಲಿಲ್ಲ. ಎರಡು ಮೊಳಕಾಲೂ ಸೇರಿ ಕತ್ತಿನ ಕಾಲು ಹಿಡಿದು ಬೇಡಿಕೊಂಡಿರಬೇಕು. ಕತ್ತು ಕಂಬದ ಹಾಗೆ ನಿಂತಿತು. ಹಣೆಯಲ್ಲಿ ಬೆವರು, ಬಳೆಯಲ್ಲಿ ಒಂದೇ ಒಂದು ಹನಿ.

ಮೇಡಂ ಒಳ್ಳೆಯವರು. ಕೂತಲ್ಲಿಂದಲೇ ಮುಂದಕ್ಕೆ ಬಾಗಿ, ಮೆಲ್ಲಗೆ, “ಬಲವಂತ ಇಲ್ಲ ರೀ. ಆರ್ಡರ್ ಕೊಟ್ಟಿದ್ದು ಕೊಟ್ಟಿದ್ದೇ, ಅದೇನೂ ಬದಲಾಗಲ್ಲ. ನಿಮಗೆ ಬಾಗಿಲಲ್ಲಿ ನಿಲ್ಲೋದು ಬೇಡ, ಅಲ್ವಾ?” ಎಂದರು.

ರಾಯರ ಎದೆಯ ಮೇಲಿನ ಬಂಡೆ ಇಳಿಯಿತು. ಹುಟ್ಟಿದ ಮೇಲೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಕೃತಜ್ಞತೆಯಿಂದ, ಪ್ರಾಣದ ಆಳದಿಂದ, ಅವರು ಹೂಂ ಹೂಂ ಹೂಂ ಎಂದು ತಲೆಯಾಡಿಸಿದರು. ಗುಳ್ಳೆಗಳು ಧಾರೆಧಾರೆಯಾಗಿ ಚಿಮ್ಮಿದವು.

“ಒಪ್ಪಿದ್ರು! ಒಪ್ಪಿದ್ರು!” ಎರಡು ಕಿವಿಯಲ್ಲೂ ಸೋಪಿನ ನೀರು ತುಂಬಿದ್ದ ಯಜಮಾನರು ಕುಣಿದರು. ಬಾಗಿಲಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಮೇಡಂ ಕೈಯೆತ್ತಿದರು. “ಇಲ್ಲ, ಇಲ್ಲ. ಇವರು ಬೇಡ ಅಂದ್ರು.” ಚಪ್ಪಾಳೆ ನಿಂತಿತು. ಮೇಡಂ ರಾಯರನ್ನು ಕಣ್ತುಂಬ ನೋಡಿದರು. “ಆದ್ರೆ ನೋಡಿ, ಬೇಡ ಅನ್ನೋದನ್ನೂ ಎಷ್ಟು ಚೆನ್ನಾಗಿ ಹೂಂ ಅಂತ ಹೇಳಿದ್ರು! ನಾನು ಅಂಗಡಿ ಇಟ್ಟಾಗಿನಿಂದ ಇಂಥವರನ್ನೇ ಹುಡುಕ್ತಿದ್ದೆ. ಸ್ಟಾಕಿಲ್ಲ ಅಂದ್ರೂ ಗಿರಾಕಿ ನಗ್ತಾ ಹೋಗ್ತಾನೆ. ಇನ್ನು ಇವರನ್ನ ಬಿಡೋ ಮಾತೇ ಇಲ್ಲ. ನಾಳೆ ಬೆಳಿಗ್ಗೆ ಬಂದ್ಬಿಡಿ.”

ಅವರು ಮೆಟ್ಟಿಲಿಳಿದು ಹೋದರು. ಕುರ್ಚಿ ಖಾಲಿಯಾಯಿತು.

ಯಜಮಾನರು ಕಿವಿಗೆ ಬೆರಳು ಹಾಕಿ ಅಲುಗಿಸುತ್ತ ಹೇಳಿದರು. “ನೀವು ಹೆಂಗೂ ಅಲ್ಲಿರ್ತೀರಿ. ಈ ಕುರ್ಚೀಲಿ ಸದ್ಯಕ್ಕೆ ಸ್ಟೋರ್ ಮಾವ ಕೂತ್ಕೊಳ್ಲಿ. ಸ್ಪ್ರಿಂಗ್ ಹಾಕಿದ್ದು ಅವನೇ ತಾನೆ. ನಿಮಗೇನೂ ಬೇಜಾರಿಲ್ಲ, ಅಲ್ವಾ?”

ಇಷ್ಟು ಹೊತ್ತಿಗೆ ರಾಯರಿಗೂ ಬುದ್ಧಿ ಬಂದಿತ್ತು. ಅವಸರ ಮಾಡಲಿಲ್ಲ. ಎಲಾಸ್ಟಿಕ್ ಬಿಡಿಸಿ, ಎರಡೂ ಕೈಯಿಂದ ಟೋಪಿ ತೆಗೆದು, ಮೇಜಿನ ಮೇಲಿಟ್ಟರು. ಮುಖದ ಸೋಪು ಒರೆಸಿಕೊಂಡರು. ಇನ್ನು ಮಧ್ಯೆ ಬಂದು ಮಾತು ಕೆಡಿಸಲು ಯಾವ ಗುಳ್ಳೆಯೂ ಇಲ್ಲ. ಗಂಟಲು ಸರಿಮಾಡಿಕೊಂಡು, “ಯಜಮಾನ್ರೇ, ಅದು…” ಎಂದು ಶುರುಮಾಡಿದರು.

ಅಷ್ಟರಲ್ಲಿ ತಲೆ ಆಡಿಯಾಗಿತ್ತು. ಈ ಸಲ ಗುಳ್ಳೆ ಬರಲಿಲ್ಲ, ಅಷ್ಟೆ.