ಕೂಳೆಯ ಬೆಂಕಿ, ಮಾವನ ಕೋಟು

ಕ್ಯಾಮೆರಾ ಕೊಂಡವನಿಗೆ ಫೋಟೋ ತೆಗೆಯುವುದು ತಾನಾಗಿಯೇ ಬರುತ್ತದೆಂದು ನಾನು ಬಹಳ ದಿನ ನಂಬಿದ್ದೆ. ಹಳೇಬೀಡಿನಲ್ಲಿ ಸ್ಕೂಲು ಮೇಷ್ಟರಾಗಿದ್ದಾಗ ನನ್ನ ಡಬ್ಬಿ ಕ್ಯಾಮೆರಾ ಹಿಡಿದು ದೇವಸ್ಥಾನಕ್ಕೆ ಎಷ್ಟು ಸುತ್ತು ಹಾಕಿದ್ದೆನೋ! ನೂರಾರು ವರ್ಷಗಳಿಂದ ನಿಂತಲ್ಲೇ ನಿಂತಿದ್ದ ಶಿಲಾಬಾಲಿಕೆಯೂ ನನ್ನ ಫೋಟೋದಲ್ಲಿ ಅಲುಗಾಡಿಬಿಟ್ಟಿದ್ದಳು. ನನ್ನ ಹೆಂಡತಿ ಸರೋಜಳಿಗಂತೂ ಒಂದರಲ್ಲೂ ತಲೆಯಿರಲಿಲ್ಲ. "ಈ ರೀಲಿನಲ್ಲಾದರೂ ಒಂದು ನೆಟ್ಟಗಿರೋ ಫೋಟೋ ಬರಲಿ. ಇಲ್ಲದಿದ್ರೆ ಈ ಡಬ್ಬಿ ಅಟ್ಟಕ್ಕೆ ಹೋಗುತ್ತೆ, ನೋಡ್ತಿರಿ" ಎಂದಳು. ರೀಲಿನಲ್ಲಿ ಉಳಿದಿದ್ದುದು ಒಂದೇ ಒಂದು ಫೋಟೋ. ಅವಳು ಹೇಳಿದ್ದನ್ನು ಮಾಡುವವಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸುಗ್ಗಿ ಮುಗಿಯುತ್ತಿದ್ದ ಕಾಲ. ಹಗರೆಯ ಪುಟ್ಟೇಗೌಡರು ಕೊಯ್ಲಾದ ಗದ್ದೆಯ ಕೂಳೆಗೆ ಭಾನುವಾರ ಬೆಂಕಿ ಹಾಕುತ್ತಾರೆಂದು ತಿಳಿದು ಬಸ್ಸು ಹತ್ತಿದೆ. ಬೆಂಕಿ, ಹೊಗೆ, ಅಂಚಿನಲ್ಲಿ ಸೊಪ್ಪಿನ ಕೊಂಬೆ ಹಿಡಿದು ಬರಿಮೈಯಲ್ಲಿ ದುಡಿಯುವ ರೈತ. ಇದಲ್ಲವೇ ಚಿತ್ರ! ಆದರೆ ಕ್ಯಾಮೆರಾ ಕಂಡ ಕೂಡಲೇ ಗೌಡರು ಕೊಂಬೆ ಕೆಳಗಿಟ್ಟರು.

"ಇಂಗೆ ಬರೀ ಮೈಲಿ ಫೋಟ ತೆಗಿಸ್ಕಂಡ್ರೆ ಬೀಗ್ರು ಏನಂದಾರು ಮೇಷ್ಟ್ರೇ? ನಿಮ್ ಕೋಟು ಒಸಿ ಕೊಡಿ."

ನಮ್ಮ ಕಡೆ ಫೋಟೋ ಎಂದರೆ ಜೀವಮಾನಕ್ಕೆ ಒಂದೋ ಎರಡೋ. ಅದರಲ್ಲಿ ಕೆಲಸ ಮಾಡುತ್ತಾ ಸಿಕ್ಕಿಬೀಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಕೋಟು ಕೊಟ್ಟೆ. ಕೋಟಿಗೊಂದು ಷರ್ಟು ಬೇಕಾಯಿತು, ಅದನ್ನೂ ಕೊಟ್ಟು ಬರೀ ಬನಿಯನ್, ಪಂಚೆಯಲ್ಲಿ ನಿಂತೆ. ಗುಂಡಿ ಹಾಕಿಕೊಂಡ ಗೌಡರು, ಯಾವುದನ್ನು ಒತ್ತಬೇಕೆಂದು ಕೇಳಿ, ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡತೊಡಗಿದರು. ಅಷ್ಟರಲ್ಲಿ ಗಾಳಿ ತಿರುಗಿ ಬೆಂಕಿ ಹುಲ್ಲಿನ ಬಣವೆಯತ್ತ ಹೊರಟಿತು. ಎತ್ತುಗಳ ವರ್ಷದ ಮೇವು!

ಗೌಡರು ಕ್ಯಾಮೆರಾ ಹಿಡಿದುಕೊಂಡೇ ಬೆಂಕಿಯತ್ತ ಓಡಿದರು. ನಾನೆಂಥ ಮಹಾನುಭಾವ ನೋಡಿ! "ಕೋಟು! ಕೋಟು! ನಮ್ಮ ಮಾವ ಕೊಟ್ಟದ್ದು ಗೌಡ್ರೇ, ದೂರ ಇರಿ!" ಎಂದು ಕಿರುಚಿ, ಪಂಚೆ ಎತ್ತಿ ಕಟ್ಟಿ, ಕೊಂಬೆ ಹಿಡಿದು ನಾನೇ ನುಗ್ಗಿದೆ. ಗೌಡರ ಹೆಂಡತಿ ನಿಂಗಮ್ಮ ಕೊಡದಲ್ಲಿ ನೀರು ತಂದು ಸುರಿಯುತ್ತಾ, "ಬಡೀರಿ ಮೇಷ್ಟ್ರೇ, ಅತ್ಲಾಗೆ ಬಡೀರಿ!" ಎಂದು ಕೂಗುತ್ತಿದ್ದರು. ಬಡಿದೆ, ಬಡಿದೆ, ಕೈ ಸೋಲುವವರೆಗೂ ಬಡಿದೆ. ಬಣವೆ ಉಳಿಯಿತು.

"ಒಂದ್ ತಪ್ಪಾಯ್ತು ಮೇಷ್ಟ್ರೇ" ಎಂದರು ಗೌಡರು ಮೆಲ್ಲಗೆ. "ಸುಮ್ಕೆ ನಿಂತ್ಕಳಕ್ಕಾಗ್ನಿಲ್ಲ. ಒತ್ಬುಟ್ಟೆ."

ಮುಗಿಯಿತು, ಇನ್ನು ಅಟ್ಟವೇ ಗತಿ ಅಂದುಕೊಂಡೆ. ಮೈಕೈ ತೊಳೆದು, ಕೋಟು ಹಾಕಿಕೊಂಡು, ಏನೂ ಆಗದವನಂತೆ ಮನೆ ಸೇರಿದೆ.

ಅರಸೀಕೆರೆಯ ಸ್ಟುಡಿಯೋದಿಂದ ಫೋಟೋ ಬಂತು. ಹೊಗೆಯ ನಡುವೆ ಬೆನ್ನು ಬಗ್ಗಿಸಿ, ಮಸಿ ಮೆತ್ತಿದ ಮುಖದಲ್ಲಿ ಬೆಂಕಿ ಬಡಿಯುತ್ತಿರುವ ಮನುಷ್ಯ! ಸರೋಜ ಅದನ್ನು ಬೆಳಕಿಗೆ ಹಿಡಿದು ನೋಡಿಯೇ ನೋಡಿದಳು.

"ಅಬ್ಬಾ, ಕೊನೆಗೂ ಒಂದು ತೆಗೆದಿರಲ್ಲ! ಕ್ಯಾಮೆರಾ ಇರಲಿ ಬಿಡಿ. ಈ ಗೌಡರನ್ನ ನೋಡ್ರೀ, ಹೇಗೆ ಮೈ ಬಗ್ಗಿಸಿ ದುಡೀತಿದಾರೆ! ನೀವೂ ಇದ್ದೀರಿ, ಒಂದು ಕಡ್ಡಿ ಎತ್ತಿಡೋರಲ್ಲ. ಇವರನ್ನ ಕಟ್ಟಿಕೊಂಡವಳು ಪುಣ್ಯವಂತೆ."

ಕ್ಯಾಮೆರಾ ಉಳಿಯಬೇಕಿತ್ತಲ್ಲ, ಹೌದೆಂದೆ. ಆ ಪುಣ್ಯವಂತೆ ಯಾರೆಂದು ಇಂದಿನವರೆಗೂ ಅವಳಿಗೆ ಹೇಳಿಲ್ಲ.