ಸನ್ನದು ಇರೋ ವಕೀಲರು ಬೇಕು

ನಂಜನಗೂಡಿನಲ್ಲಿ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ಸಮನ್ಸ್ ಹಿಡ್ಕೊಂಡು ತಾನೇ ಬರುತ್ತೆ. ಹೋದ ವರ್ಷ ಹಳ್ಳಿಯ ಒಬ್ಬ ಯಜಮಾನರು ಹಾಗೇ ಬಂದರು. ಬದುವಿನ ಜಗಳದಲ್ಲಿ ಗುದ್ದಲಿ ಕಾವಿನಿಂದ ಹೊಡೆದು ಒಬ್ಬನ ಕೈ ಮುರಿದ ಕೇಸು. ಜೈಲಾಗುತ್ತೇನೋ ಅಂತ ಪಾಪ, ಊಟ ಬಿಟ್ಟಿದ್ದರು.

೧. ಕರೀ ಕೋಟು

ವಕೀಲರು ಕರೀ ಕೋಟು ಹಾಕಿರ್ತಾರೆ ಅಂತ ಯಾರೋ ಹೇಳಿದ್ದರಂತೆ. ರೈಲಿಳಿದ ಕೂಡಲೇ ಪ್ಲಾಟ್‌ಫಾರಮ್ಮಿನಲ್ಲೇ ಒಬ್ಬರು ಸಿಕ್ಕರು. ಯಜಮಾನರು ಕೈ ಮುಗಿದರು.

"ಟಿಕೆಟ್?" ಅಂದರು ಅವರು.

"ಸಮನ್ಸು ಅದೆ ಸಾ."

ಅವರು ಅದನ್ನು ಪೂರ್ತಿ ಓದಿ, "ಇದರಲ್ಲಿ ರೈಲು ಹತ್ತೋ ಹಾಗಿಲ್ಲ ಯಜಮಾನ್ರೇ" ಅಂತ ವಾಪಸ್ ಕೊಟ್ಟರಂತೆ.

೨. ನಂಬರು

ಆಮೇಲೆ ತಿ. ನರಸೀಪುರದ ಬೀಗರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ "ಲಾಯರ್" ಹುಡುಕಿ ಕೊಟ್ಟರು. ಆತ ಯಜಮಾನರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ವಕಾಲತ್ತು ಟೈಪ್ ಮಾಡಿಸೋಕೆ ನನ್ನ ಅಂಗಡಿಗೇ ಬಂದ.

"ಸಾರ್, ನಿಮ್ಮ ಸನ್ನದು ನಂಬರು?" ಅಂದೆ.

ಒಂದು ಗಳಿಗೆ ಯೋಚಿಸಿ, "ಕೆಎ ಜೀರೋ ನೈನ್..." ಅಂತ ಶುರು ಮಾಡಿದ. ಬಾಗಿಲಾಚೆ ನೋಡಿದೆ. ಸ್ಕೂಟರಿನ ಮೇಲೂ ಅದೇ ನಂಬರು!

"ಸಾರ್, ಗಾಡಿ ನಂಬರಲ್ಲ, ವಾದ ಮಾಡೋ ಲೈಸೆನ್ಸಿಂದು."

"ಮನೇಲದೆ, ತತ್ತೀನಿ" ಅಂತ ಎದ್ದ. ಸರ್ಕಲ್ಲಿನಲ್ಲಿ ಪೊಲೀಸರು ನಿಂತಿದ್ದರು. ಸ್ಕೂಟರ್ ತಳ್ಳಿಕೊಂಡೇ ಹೋದ. ಗಾಡಿ ಓಡಿಸೋ ಲೈಸೆನ್ಸೂ ಇರಲಿಲ್ಲ ಅಂತ ಕಾಣುತ್ತೆ.

೩. ಸಿಕ್ಕೇ ಬಿಟ್ಟರು

ಕೊನೆಗೆ ಪಕ್ಕದ ಕಟ್ಟಡದಲ್ಲಿ ಆಫೀಸಿಟ್ಟಿರೋ ವಕೀಲರಮ್ಮನ ಹತ್ತಿರ ನಾನೇ ಕರ್ಕೊಂಡು ಹೋದೆ. ಯಜಮಾನರು ಅವರ ಗುರುತಿನ ಚೀಟಿ ಇಸ್ಕೊಂಡು, ಫೋಟೋ ಒಂದು ಸಲ ಮುಖ ಒಂದು ಸಲ ನೋಡಿ, "ತಪ್ಪು ತಿಳೀಬೇಡಿ ಕಣವ್ವ" ಅಂದರು. ಆಯಮ್ಮ ನಗುತ್ತಾ ಕೇಸಿನ ಕಾಗದ ಓದಿದರು. ಓದುತ್ತಾ ಓದುತ್ತಾ ನಗು ನಿಂತಿತು.

"ನಿಮ್ಮ ವಯಸ್ಸೆಷ್ಟು?"

"ಅರವತ್ತೆಂಟು."

"ಇಲ್ಲಿ ಆರೋಪಿಗೆ ಮೂವತ್ತೆರಡು ಅಂತಿದೆ!"

"ಅವ್ನು ನಮ್ ದಾಯಾದಿ ಮಗ ಕಣವ್ವ. ನಂದೂ ಅವ್ನದೂ ಒಂದೇ ಎಸ್ರು, ನಮ್ಮಪ್ಪಂದೂ ಅವ್ರಪ್ಪಂದೂ ಒಂದೇ ಎಸ್ರು. ಒಡ್ದೋನು ಅವ್ನೇಯ. ಸಮನ್ಸು ತಂದೋರು ಎಸ್ರು ಕೂಗುದ್ರು, ನಾ ಈಸ್ಕಂಡೆ."

ವಕೀಲರಮ್ಮ ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಇದನ್ನ ಮೊದಲೇ ಯಾರಿಗಾದ್ರೂ ಹೇಳಬಾರದಿತ್ತಾ?"

ಯಜಮಾನರು ಬಲು ಗಂಭೀರವಾಗಿ ಅಂದರು: "ಎಂಗ್ ಏಳ್ಲವ್ವ? ವಕೀಲ್ರು ಸಿಕ್ಕೋಗಂಟ ಬಾಯೇ ಬಿಡ್ಬೇಡ ಅಂತ ಊರೋರೆಲ್ಲ ಏಳಿದ್ರು!"